ಯಂತ್ರವು ಕೈಬಿಟ್ಟ ಗಳಿಗೆ

ವಿಮಾನವಿದ್ಯೆಯಲ್ಲಿ ಆಸಕ್ತರಾದವರು ಬಹುಮಟ್ಟಿಗೆ ರೆಕ್ಕೆಯ ಸೊಬಗನ್ನೋ ಇಂಜಿನ್ನಿನ ಸಾಮರ್ಥ್ಯವನ್ನೋ ಕೊಂಡಾಡುತ್ತಾರೆ. ನನ್ನ ಆದರವಾದರೋ ಕಾಕ್‌ಪಿಟ್ಟಿನ ನಡುವೆ, ಇಬ್ಬರು ಪೈಲಟ್‌ಗಳ ಕೈಗೂ ಎಟುಕುವಂತೆ ನಿಂತಿರುವ ಥ್ರಸ್ಟ್ ಲಿವರುಗಳ ಮೇಲೆ. ಏಕೆಂದರೆ ನೂಕುಬಲವನ್ನು ತಾನಾಗಿಯೇ ಏರಿಸಿ ಇಳಿಸುವ ವ್ಯವಸ್ಥೆಯು ಅನಿರೀಕ್ಷಿತವಾಗಿ ಕಳಚಿಕೊಂಡಾಗ, ಮನುಷ್ಯನಿಗೂ ಯಂತ್ರಕ್ಕೂ ನಡುವಣ ಒಪ್ಪಂದವು ಎಷ್ಟು ವಿವೇಕದಿಂದ ರಚಿತವಾಗಿದೆಯೆಂಬುದು ಅಲ್ಲಿಯೇ ಗೋಚರವಾಗುತ್ತದೆ.

ಈ ವಿಷಯದಲ್ಲಿ ಎರಡು ಸಂಪ್ರದಾಯಗಳುಂಟು. ಬೋಯಿಂಗ್ ವಿಮಾನಗಳಲ್ಲಿ ಆಟೋಥ್ರಾಟಲ್ ಎನಿಸುವ ಈ ವ್ಯವಸ್ಥೆಯು ಮೋಟಾರಿನ ಮೂಲಕ ಲಿವರುಗಳನ್ನೇ ಸರಿಸುತ್ತದೆ. ಅದು ಕಳಚಿದೊಡನೆ ಲಿವರು ಇದ್ದಲ್ಲಿಯೇ ನಿಲ್ಲುತ್ತದೆ, ಬಲವೂ ಅದಕ್ಕೆ ತಕ್ಕಷ್ಟೇ ಉಳಿಯುತ್ತದೆ. ಏರ್‌ಬಸ್ ಎ-320ರಲ್ಲಿಯೂ ಅದರ ಕುಲದ ಇತರ ವಿಮಾನಗಳಲ್ಲಿಯೂ ಲಿವರು ತಾನಾಗಿ ಚಲಿಸದು. ಟೇಕಾಫ್ ಆದ ಬಳಿಕ ಪೈಲಟ್ ಅದನ್ನು ‘ಸಿಎಲ್’ ಎಂಬ ಕಚ್ಚಿಗೆ ತಂದಿಟ್ಟರೆ, ಸಾಮಾನ್ಯವಾಗಿ ನೆಲ ಸಮೀಪಿಸುವವರೆಗೂ ಅದು ಅಲ್ಲಿಯೇ ಇರುತ್ತದೆ. ಆ ಸ್ಥಾನವು ಬಲದ ಮೇಲ್ಮಿತಿಯನ್ನು ಮಾತ್ರ ಹೇಳುತ್ತದೆ, ಆ ಕ್ಷಣದ ಬಲವನ್ನಲ್ಲ.

ಏರ್‌ಬಸ್ಸಿನಲ್ಲಿ ಆಟೋಥ್ರಸ್ಟ್ ಎನಿಸುವ ಈ ವ್ಯವಸ್ಥೆಯನ್ನು ಪೈಲಟ್ ತಾನೇ ಇಚ್ಛಿಸಿ ಬಿಡಿಸುವುದಾದರೆ, ಮೊದಲು ಲಿವರನ್ನು ಆಗಿನ ಬಲಕ್ಕೆ ಸರಿಹೊಂದಿಸಿ, ಆಮೇಲೆ ಲಿವರಿನ ಮೇಲಣ ಕೆಂಪು ಗುಂಡಿಯನ್ನು ಒತ್ತುತ್ತಾನೆ. ಆದರೆ ದೋಷದಿಂದ ಅದು ತಾನಾಗಿ ಕಳಚಿಕೊಂಡರೆ? ಬಲವು ಒಮ್ಮೆಗೇ ಲಿವರಿನ ಸ್ಥಾನಕ್ಕೆ ನೆಗೆದೇರದಂತೆ, ಆ ಕ್ಷಣದ ಬಲವನ್ನೇ ಹೆಪ್ಪುಗಟ್ಟಿಸುವ ‘ಥ್ರಸ್ಟ್ ಲಾಕ್’ ಎಂಬ ಏರ್ಪಾಡು ಅಲ್ಲಿದೆ. ಪರದೆಯ ಮೇಲೆ ಕಿತ್ತಳೆ ಬಣ್ಣದಲ್ಲಿ ‘ಥ್ರಸ್ಟ್ ಲಾಕ್’ ಎಂಬುದರ ಸಂಕ್ಷೇಪ ಮಿನುಗುತ್ತದೆ. ಲಿವರುಗಳನ್ನು ಕಚ್ಚಿನಿಂದ ಕದಲಿಸುವ ತನಕ ಐದೈದು ಸೆಕೆಂಡಿಗೊಮ್ಮೆ ಎಚ್ಚರಿಕೆಯ ಗಂಟೆ ಮೊಳಗುತ್ತಿರುತ್ತದೆ. ಕದಲಿಸಿದ ಕೂಡಲೆ ಬಂಧನ ಸಡಿಲವಾಗಿ ಇಂಜಿನ್ ಲಿವರಿಗೆ ವಿಧೇಯವಾಗುತ್ತದೆ. ಆದುದರಿಂದಲೇ, ಲಿವರು ಬೇಡುತ್ತಿರುವ ಬಲವೆಷ್ಟೆಂದು ತೋರಿಸುವ ಪುಟ್ಟ ವೃತ್ತವು ಇಂಜಿನ್ ಮಾಪಕದಲ್ಲಿ ಮುಳ್ಳಿನೊಡನೆ ಕೂಡುವಂತೆ ಕೈಯನ್ನು ತಡವಿಲ್ಲದೆ ಹಿಂದಕ್ಕೆ ತರಬೇಕು. ಹೊರಡುವಾಗ ಹೇಳಿ ಹೋಗುವ, ಹೋದಮೇಲೂ ಇದ್ದುದನ್ನು ಕೆಡಿಸದಿರುವ ಈ ಸೌಜನ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೂ ಹೆಪ್ಪುಗಟ್ಟಿದ ಬಲವು ಕಳೆದ ಕ್ಷಣಕ್ಕೆ ಒಪ್ಪುವಂಥದೇ ಹೊರತು ಬರುವ ಕ್ಷಣಕ್ಕಲ್ಲ. 2009ರ ಜೂನ್ 1ರಂದು ರಿಯೊದಿಂದ ಪ್ಯಾರಿಸ್ಸಿನತ್ತ ಹಾರುತ್ತಿದ್ದ ಏರ್ ಫ್ರಾನ್ಸ್ 447ರ ಪಿಟೊ ನಳಿಕೆಗಳಲ್ಲಿ ಹಿಮಕಣಗಳು ಕಟ್ಟಿ ವೇಗಸೂಚನೆ ಕೆಟ್ಟಾಗ, ಆಟೋಪೈಲಟ್ಟೂ ಆಟೋಥ್ರಸ್ಟೂ ಒಂದರ ಹಿಂದೊಂದು ಕಳಚಿದವು. ಬಲವು ಲಾಕ್ ಆಯಿತು. ಲಾಕ್ ತನ್ನ ಕರ್ತವ್ಯವನ್ನು ನೆರವೇರಿಸಿತು. ಆದರೆ ಮೂತಿಯನ್ನು ಮೇಲೆತ್ತಿದ ಕೈ ಹಿಂತೆಗೆಯದೆ, ರೆಕ್ಕೆಗಳು ಎತ್ತುವ ಬಲವನ್ನು ಕಳೆದುಕೊಂಡು ವಿಮಾನ ಸ್ಟಾಲ್ ಆಗಿ, ಐದು ನಿಮಿಷ ತುಂಬುವ ಮುನ್ನವೇ 228 ಜನರೊಡನೆ ಅಟ್ಲಾಂಟಿಕ್ಕಿಗೆ ಬಿದ್ದಿತು. ಗೊತ್ತಾದ ಮೂತಿಯ ಕೋನ, ಗೊತ್ತಾದ ನೂಕುಬಲ, ಇವೆರಡನ್ನೂ ಹಿಡಿದು ನಿಂತರೆ ವೇಗವು ಕಾಣದಿದ್ದರೂ ವಿಮಾನ ಹಾರುತ್ತದೆಂಬ ಹಳೆಯ ಪಾಠವನ್ನು ಆ ರಾತ್ರಿ ಬೇಡಿತ್ತು.

ಬೆಂಗಳೂರಿನಲ್ಲಿ 1990ರ ಫೆಬ್ರವರಿ 14ರಂದು ನಡೆದುದು ಇದರ ಮತ್ತೊಂದು ಮುಖ. ಅಲ್ಲಿ ಇಂಡಿಯನ್ ಏರ್‌ಲೈನ್ಸಿನ ಎ-320 ವಿಮಾನವು ‘ಓಪನ್ ಡಿಸೆಂಟ್’ ವಿಧಾನದಲ್ಲಿದ್ದುದರಿಂದ ಇಂಜಿನ್ನುಗಳು ಕನಿಷ್ಠ ಬಲದಲ್ಲಿಯೇ ಉಳಿದು, ವೇಗ ಕುಗ್ಗಿ, ರನ್‌ವೇಗಿಂತ ಮೊದಲೇ ಗಾಲ್ಫ್ ಮೈದಾನಕ್ಕೆ ಅಪ್ಪಳಿಸಿತು. 146 ಜನರಲ್ಲಿ 92 ಮಂದಿ ಮೃತರಾದರು. ಲಿವರು ಸರಿಯದ ಕಾಕ್‌ಪಿಟ್ಟಿನಲ್ಲಿ ಬಲದ ಏರಿಳಿತವನ್ನು ಅಂಗೈ ಅರಿಯದು, ಕಣ್ಣೇ ಅರಿಯಬೇಕು.

ಆದುದರಿಂದ ಯಂತ್ರವು ಬಿಟ್ಟಾಗ ಹಿಡಿಯತಕ್ಕ ಕೈಯನ್ನು ಯಂತ್ರವು ಹಿಡಿದಿರುವಾಗಲೇ ಪಳಗಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅಮೆರಿಕದ ವಿಮಾನಯಾನ ನಿಯಂತ್ರಕರಾದ ಎಫ್‌ಎಎ 2013ರ ಜನವರಿಯಲ್ಲಿ, ಸಂದರ್ಭ ಒದಗಿದಾಗ ಕೈಯಿಂದಲೇ ಹಾರಿಸುವ ಅಭ್ಯಾಸವನ್ನು ಪ್ರೋತ್ಸಾಹಿಸಬೇಕೆಂದು ವಿಮಾನ ಸಂಸ್ಥೆಗಳಿಗೆ ಸೂಚಿಸಿದ್ದು ಈ ಕಾರಣಕ್ಕೇ. ಆಕಾಶ ತಿಳಿಯಾಗಿ, ಸಂಚಾರ ವಿರಳವಾಗಿರುವ ದಿನ ಆಟೋಥ್ರಸ್ಟನ್ನು ಬಿಡಿಸಿ ಇಳಿಸಲು ಪೈಲಟ್‌ಗಳಿಗೆ ಅನುಮತಿ ಇತ್ತ ಸಂಸ್ಥೆಯು, ಮೋಡ ಮುಚ್ಚಿದ ದಿನದ ಪ್ರಯಾಣಿಕರಿಗೆ ಅತ್ಯುತ್ತಮವಾದ ವಿಮೆಯನ್ನು ಕೊಟ್ಟಂತಾಗುತ್ತದೆ.