ಪದಕವಿಲ್ಲದ ಮುತ್ತ

ಟಿ. ಎಸ್. ನಾಗಾಭರಣರ ‘ಚಿನ್ನಾರಿ ಮುತ್ತ’ 1993ರಲ್ಲಿ ಬಂದಾಗ ನಾನು ನೌಕರಿಗೆ ಸೇರಿದ ಹೊಸತು. ಹುಬ್ಬಳ್ಳಿಗೆ ಹೋಗಿ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು ಬಂದಿದ್ದೆ. ಬೆಂಗಳೂರು ಸೇರಿದ ಹಳ್ಳಿಯ ಹುಡುಗ ಕಳವಿಗೆ ಬಿದ್ದು ರಿಮಾಂಡ್ ಹೋಮ್ ಕಾಣುತ್ತಾನೆ. ಅವನ ಓಟ ಕಂಡವರು ಕೈಹಿಡಿಯುತ್ತಾರೆ, ಓಡಿ ಗೆಲ್ಲುತ್ತಾನೆ. ಬಾಲನಟ ವಿಜಯ ರಾಘವೇಂದ್ರನ ಮುಗ್ಧ ಮುಖ, ಸಿ. ಅಶ್ವತ್ಥರ ಸಂಗೀತ, ಯಾರ ಮನಸ್ಸು ಕರಗದು?

ಈಚೆಗೆ ಟಿವಿಯಲ್ಲಿ ಮತ್ತೆ ನೋಡಿದೆ. ಈ ಸಲ ಕಣ್ಣೀರಿನ ಜೊತೆಗೆ ಒಂದು ತಕರಾರೂ ಹುಟ್ಟಿತು. ಗೆದ್ದನೆಂದು ತಾನೆ ನಾವು ಮುತ್ತನನ್ನು ಕ್ಷಮಿಸಿದ್ದು? ಸೋತಿದ್ದರೆ?

ಈ ಪ್ರಶ್ನೆ ಹುಟ್ಟಿಸಿದವನು, ಕೆಲವು ವರ್ಷಗಳ ಹಿಂದೆ ಅಣ್ಣಿಗೇರಿ ಕಡೆಯ ಹಳ್ಳಿಯೊಂದರಲ್ಲಿ ನನ್ನ ತರಗತಿಗೆ ಮರಳಿ ಬಂದ ಹುಡುಗ. ದೊಡ್ಡವರ ಜೊತೆಗೂಡಿ ಪಂಪ್‌ಸೆಟ್ಟಿನ ವೈರು ಕದ್ದಿದ್ದ. ಬಾಲ ನ್ಯಾಯ ಮಂಡಳಿ ತಾಯಿಯಿಂದ ಮುಚ್ಚಳಿಕೆ ಬರೆಸಿಕೊಂಡು, ತಪ್ಪದೆ ಶಾಲೆಗೆ ಹೋಗಬೇಕೆಂಬ ಷರತ್ತಿನ ಮೇಲೆ ಮನೆಗೆ ಕಳಿಸಿತ್ತು. ತಿಂಗಳಿಗೊಮ್ಮೆ ಪರಿವೀಕ್ಷಣಾಧಿಕಾರಿ ವಿಚಾರಿಸುತ್ತಿದ್ದರು. ಉಳಿದ ದಿನ ಅವನು ನಮ್ಮ ನಡುವೆಯೇ ಬದುಕಬೇಕಿತ್ತು. ಓಟ ಬಾರದು, ಲೆಕ್ಕದಲ್ಲಿ ಹಿಂದೆ. ಪಕ್ಕದಲ್ಲಿ ಕೂಡಲು ಯಾರೂ ಒಲ್ಲರು. ಕಿರಾಣಿ ಅಂಗಡಿಯವ ಅವನನ್ನು ಕಂಡೊಡನೆ ಗಲ್ಲಾಪೆಟ್ಟಿಗೆಯ ಮೇಲೆ ಕೈ ಇಡುತ್ತಿದ್ದ.

ಅಂಗಡಿಯವನನ್ನು ಬೈಯಲು ನನಗಾದರೂ ಏನು ಹಕ್ಕು? ಪ್ರವಾಸಕ್ಕೆಂದು ಕೂಡಿಸಿದ ದುಡ್ಡು ಒಂದು ದಿನ ಕಾಣದಾದಾಗ ನನ್ನ ಕಣ್ಣು ಮೊದಲು ಹೊರಳಿದ್ದು ಅವನತ್ತಲೇ. ನಾನು ಬಾಯಿ ತೆರೆಯುವ ಮೊದಲೇ “ನಾ ಅಲ್ರೀ ಅಕ್ಕಾರ” ಎಂದ. ದುಡ್ಡು ನನ್ನ ಹಾಜರಿ ಪುಸ್ತಕದಲ್ಲೇ ಇತ್ತು. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ನನ್ನ ಒಂದು ನೋಟ ಅವನ ಷರತ್ತು ಮುರಿಸುತ್ತಿತ್ತು.

2015ರ ಬಾಲ ನ್ಯಾಯ ಕಾಯ್ದೆ ಇಂಥ ಮಕ್ಕಳನ್ನು ಸನ್ನಡತೆಯ ಮೇಲೆ ಹೆಚ್ಚೆಂದರೆ 3 ವರ್ಷ ಮೇಲ್ವಿಚಾರಣೆಯಲ್ಲಿಡುತ್ತದೆ. ಅವರ ಹೆಸರು ಬಯಲು ಮಾಡಬಾರದು, ಹಳೆಯ ತಪ್ಪು ಮುಂದಿನ ಬಾಳಿಗೆ ಅಡ್ಡಿಯಾಗಬಾರದು, ಕಳವಿನಂಥ ಪ್ರಕರಣದ ಕಾಗದಪತ್ರಗಳನ್ನು ಕಾಲ ಮುಗಿದ ಮೇಲೆ ನಾಶಪಡಿಸಬೇಕು ಎನ್ನುತ್ತದೆ. ಪದಕ ಗೆದ್ದು ಬಾ ಎಂದು ಎಲ್ಲಿಯೂ ಹೇಳುವುದಿಲ್ಲ. ಚಿತ್ರಕ್ಕಿಂತ ಕಾಯ್ದೆಯ ಕರುಳೇ ದೊಡ್ಡದೆನಿಸಿತು. ಆದರೆ ಸುಡುವುದು ಕಾಗದವನ್ನು ಮಾತ್ರ, ಊರಿನ ಬಾಯಿಯನ್ನಲ್ಲ.

ಮೂರನೆಯ ದಿನ ಅವನ ಮನೆಗೆ ಹೋದೆ. ತಾಯಿ ರೊಟ್ಟಿ ಬಡಿಯುತ್ತಿದ್ದಳು. “ತಪ್ಪು ನಂದಪ್ಪಾ, ನಾಳೆ ಬಾ” ಎಂದೆ. ಆತ ಉತ್ತರಿಸಲಿಲ್ಲ, ಆದರೆ ಬಂದ. ಅಂದಿನಿಂದ ಪ್ರವಾಸದ ದುಡ್ಡನ್ನು ಹೆಡ್‌ಮಾಸ್ತರರ ಕೋಣೆಗೆ ಒಯ್ಯುವ ಕೆಲಸ ಅವನದೇ ಆಯಿತು. ಒಮ್ಮೆಯೂ ಒಂದು ರೂಪಾಯಿ ಕಡಿಮೆ ಬೀಳಲಿಲ್ಲ.

‘ಚಿನ್ನಾರಿ ಮುತ್ತ’ವನ್ನು ನಿಮ್ಮ ಮಕ್ಕಳಿಗೆ ಅವಶ್ಯವಾಗಿ ತೋರಿಸಿರಿ. ತೋರಿಸಿದ ಮೇಲೆ, ಆ ಓಟದಲ್ಲಿ ಮುತ್ತ ಸೋತಿದ್ದರೆ ಅವನನ್ನು ನಮ್ಮ ಮನೆಯ ಪಂಕ್ತಿಯಲ್ಲಿ ಕೂಡಿಸಿಕೊಳ್ಳುತ್ತಿದ್ದೆವೇ ಎಂದು ಕೇಳಿರಿ.