ಮೊದಲು ಎಚ್ಚರಿಕೆ, ಆಮೇಲೆ ಕಮಾಂಡ್

ಸರ್ವರ್ ನೋಡಿಕೊಳ್ಳುವವರ ಕೈಪಿಡಿಗೂ ಅದರದೇ ಒಂದು ರುಚಿಯಿದೆ. ಆದರೆ ಅದು ಆರಾಮಾಗಿ ಕೂತು ಓದುವ ಪುಸ್ತಕವಲ್ಲ. ಡಿಸ್ಕ್ ತುಂಬಿ, ಕಿಟಕಿಯಾಚೆ ನಿಂತ ಜನ ‘ಮತ್ತೆ ಸರ್ವರ್ ಡೌನಾ?’ ಎಂದು ಕೇಳುವಾಗ ತೆರೆಯುವಂಥದ್ದು. ಆ ಹೊತ್ತಿನ ಓದುಗ ಪುಟವನ್ನು ಪೂರ್ತಿ ಓದುವುದಿಲ್ಲ, ಕಮಾಂಡ್ ಕಂಡ ಕೂಡಲೇ ಟೈಪಿಸಿ ಎಂಟರ್ ಒತ್ತುತ್ತಾನೆ. ಹಾಗಾಗಿ ಬರೆದವರ ಕಸುಬು ಗೊತ್ತಾಗುವುದು ಯಾವುದನ್ನು ಮೊದಲು ಹೇಳಿದರು ಎಂಬುದರಲ್ಲಿ. ಉದಾಹರಣೆಗೆ, ಲಿನಕ್ಸ್ ಯಂತ್ರದಲ್ಲಿ ದೊಡ್ಡ ಲಾಗ್ ಫೈಲ್ ಅಳಿಸಿದ ಮಾತ್ರಕ್ಕೆ ಜಾಗ ಸಿಗುವುದಿಲ್ಲ. ಯಾವುದಾದರೂ ಪ್ರೋಗ್ರಾಂ ಅದನ್ನು ತೆರೆದಿಟ್ಟುಕೊಂಡಿದ್ದರೆ, ಅದು ಕೈಬಿಡುವ ತನಕ ಡಿಸ್ಕ್ ತುಂಬಿದ್ದೇ. ‘ಅಳಿಸಿ, ಆದರೆ ಅದಕ್ಕೂ ಮೊದಲು’ ಎಂದು ಬರೆದರೆ ಕೆಟ್ಟಿತು. ‘ಫೈಲನ್ನು ಯಾವ ಪ್ರೋಗ್ರಾಂ ಹಿಡಿದಿದೆ ನೋಡಿಕೊಂಡು, ನಕಲು ತೆಗೆದಿಟ್ಟು, ಆಮೇಲೆ ಖಾಲಿ ಮಾಡಿ’ ಎಂಬುದು ಕನ್ನಡದ ಸಹಜ ನಡೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಷರತ್ತು ಮುಗಿಯದೆ ಅಪ್ಪಣೆ ಹೊರಡುವುದಿಲ್ಲ. ಈ ಕೆಲಸಕ್ಕೆ ಇದು ಹೇಳಿ ಮಾಡಿಸಿದ ಭಾಷೆ.

ಪಾರಿಭಾಷಿಕ ಪದಗಳೆಲ್ಲ ಪರಭಾಷೆಯವು, ಕನ್ನಡದಲ್ಲಿ ಬರೆದು ಏನು ಬಂತು ಎನ್ನುವವರಿದ್ದಾರೆ. ಅವರು ಹಳೇಬೀಡಿನತ್ತ ನೋಡಬೇಕು. ಹಳೇಬೀಡು ಅಂದಿನ ದೋರಸಮುದ್ರ, ಹೊಯ್ಸಳರ ರಾಜಧಾನಿ. 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ಹೊಯ್ಸಳ ದೊರೆ ವಿಷ್ಣುವರ್ಧನನ ಆಶ್ರಯದಲ್ಲೇ ಗಣಿತಜ್ಞ ರಾಜಾದಿತ್ಯನೂ ಇದ್ದನೆಂದು ಕೆಲವು ಸಾಹಿತ್ಯಚರಿತ್ರೆಕಾರರು ಹೇಳುತ್ತಾರೆ. ಅವನ ‘ವ್ಯವಹಾರಗಣಿತ’ ಗದ್ಯಪದ್ಯಗಳಲ್ಲಿ ಲೆಕ್ಕದ ವಿಧಾನ ಹೇಳಿಕೊಡುವ ಪುಸ್ತಕ, ಅಪ್ಪಟ ಕೈಪಿಡಿ. ತ್ರೈರಾಶಿ, ಪಂಚರಾಶಿ ಎಂಬ ಲೆಕ್ಕಗಳಿಗೆ ಅವನು ಅಚ್ಚಗನ್ನಡ ಹುಡುಕುತ್ತ ಕೂರಲಿಲ್ಲ. ಸಂಸ್ಕೃತದ ಹೆಸರನ್ನೇ ಇಟ್ಟುಕೊಂಡು ವಿವರಣೆಯನ್ನು ಕನ್ನಡದಲ್ಲಿ ಕೊಟ್ಟ. ಕಮಾಂಡಿಗೂ ಅದೇ ದಾರಿ ಸಾಕು.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಕೈಪಿಡಿ ಬೇಗ ಹಳತಾಗುತ್ತದೆ. ನಿಜ. ಆದ್ದರಿಂದಲೇ ಇದು ಒಂದು ಪುಸ್ತಕದ ಮಾತಲ್ಲ, ಒಂದು ಜೀವಮಾನದ ವೃತ್ತಿ. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಈವಿ ನೆಮೆತ್ ಸಂಗಡಿಗರೊಂದಿಗೆ ಬರೆದ ಯುನಿಕ್ಸ್ ಕೈಪಿಡಿ 1989ರಲ್ಲಿ ಹೊರಬಂತು. 2013ರಲ್ಲಿ ಅವರು ದೋಣಿಯೊಂದಿಗೆ ಸಮುದ್ರದಲ್ಲಿ ಕಣ್ಮರೆಯಾದರು. ಆದರೂ ಆ ಕೈಪಿಡಿಯ ಐದನೆಯ ಆವೃತ್ತಿ 2017ರಲ್ಲಿ ಬಂತು. ಮುದ್ರಣದಿಂದ ಮುದ್ರಣಕ್ಕೆ ತಿದ್ದುವ ಆ ದುಡಿಮೆಗೆ ಕನ್ನಡದಲ್ಲಿ ಊಟ ಹಾಕುವವರು ಯಾರು ಎಂಬುದು ನಿಜವಾದ ತೊಡಕು, ಪದಗಳ ಕೊರತೆಯಲ್ಲ. ರಾಜಾದಿತ್ಯನಿಗೆ ಅರಮನೆಯ ಆಶ್ರಯವಿತ್ತು. ಈಗ ಅರಸೀಕೆರೆಯ ಒಂದು ಸಹಕಾರ ಸಂಘವೋ ಕಾಲೇಜೋ ತನ್ನ ಬ್ಯಾಕಪ್ ಕ್ರಮವನ್ನು ಎರಡು ಪುಟ ಕನ್ನಡದಲ್ಲಿ ಬರೆಸಿ, ಅದಕ್ಕೆ ಹಿಡಿದ ಹೊತ್ತನ್ನೂ ಸಂಬಳದ ಕೆಲಸವೆಂದು ಎಣಿಸಿದರೆ, ಆ ಎರಡು ಪುಟವೇ ಮೊದಲ ಆವೃತ್ತಿ.