ಕೆಟ್ಟ ಚಿಪ್ಪಿಗೆ ಒಳ್ಳೆಯ ಕೋಡ್

ಕರ್ನಲ್ ಕೋಡ್ ಓದುವ ರುಚಿ ಹತ್ತಿಸಿಕೊಳ್ಳಬೇಕು ಎನ್ನುವವರಿಗೆ ನಾನು ಮೊದಲು ತೋರಿಸುವುದು ಹಾರ್ಡ್‌ವೇರಿನ ದೋಷ ನಿಭಾಯಿಸಲೆಂದೇ ಬರೆದ ಸಾಲುಗಳನ್ನು. ಕಾರ್ಖಾನೆಯಿಂದ ಹೊರಬಿದ್ದ ಚಿಪ್ಪನ್ನು ಬಿಚ್ಚಿ ತಿದ್ದುವಂತಿಲ್ಲ. ಅದು ತಪ್ಪುವ ಕಡೆ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಹೊಣೆ ಆಪರೇಟಿಂಗ್ ಸಿಸ್ಟಮ್ಮಿನ ಹೆಗಲಿಗೆ ಬೀಳುತ್ತದೆ. ಇಂಥ ಕೋಡಿನಲ್ಲೂ ಉತ್ತಮ, ಮಧ್ಯಮ ಎಂಬುದುಂಟು.

ಉತ್ತಮಕ್ಕೆ ನನ್ನ ಉದಾಹರಣೆ 1997ರ ನವೆಂಬರಿನದು. ಇಂಟೆಲ್‌ನ ಪೆಂಟಿಯಂನಲ್ಲಿ 'ಎಫ್00ಎಫ್' ಎಂದು ಹೆಸರಾದ ದೋಷ ಬಯಲಾಯಿತು. ನಾಲ್ಕೇ ಬೈಟಿನ ಒಂದು ಅಸಿಂಧು ಆದೇಶ. ಯಾವ ಅಧಿಕಾರವೂ ಇಲ್ಲದ ಬಳಕೆದಾರ ಅದನ್ನು ಚಲಾಯಿಸಿದರೂ ಇಡೀ ಯಂತ್ರ ಹ್ಯಾಂಗ್! ಹಲವರು ಹಂಚಿಕೊಂಡ ಸರ್ವರಿನಲ್ಲಿ ಒಬ್ಬನ ಕಿಡಿಗೇಡಿತನ ಎಲ್ಲರ ಕೆಲಸವನ್ನೂ ಕೆಡಿಸಬಹುದಿತ್ತು.

ನಡೆಯುತ್ತಿದ್ದುದು ಇಷ್ಟು. ಅಸಿಂಧು ಆದೇಶ ಕಂಡ ಪ್ರೊಸೆಸರ್, ಮುಂದೇನು ಮಾಡಬೇಕೆಂದು ಇಂಟರಪ್ಟ್ ಪಟ್ಟಿಯ 6ನೇ ನಮೂದನ್ನು ನೋಡಲು ಹೋಗುತ್ತದೆ. ಆದರೆ ಆ ಹೊತ್ತಿಗೆ ಬಸ್ಸಿಗೆ ಹಾಕಿದ್ದ ಲಾಕನ್ನು ಅದು ಬಿಡುವುದೇ ಇಲ್ಲ, ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇಂಟೆಲ್ ಸೂಚಿಸಿದ ಉಪಾಯ ಸೊಗಸಾಗಿತ್ತು. ಸೊನ್ನೆಯಿಂದ 6ರವರೆಗಿನ ಏಳು ನಮೂದು, ತಲಾ 8 ಬೈಟಿನಂತೆ 56 ಬೈಟು, ಒಂದು ಮೆಮೊರಿ ಪುಟದ ಕೊನೆಗೆ ಬರಲಿ. ಉಳಿದವು ಮುಂದಿನ ಪುಟಕ್ಕೆ ಹೋಗಲಿ. ಮೊದಲ ಪುಟ 'ಇಲ್ಲ' ಎಂದು ಗುರುತು ಮಾಡಿ. ಈಗ 6ನೇ ನಮೂದಿಗೆ ಕೈಹಾಕಿದ ಪ್ರೊಸೆಸರಿಗೆ ಪುಟ ಸಿಗದೆ ಪೇಜ್ ಫಾಲ್ಟ್ ಆಗುತ್ತದೆ. ಅದರ ನಮೂದು 14ನೆಯದು, ಎರಡನೇ ಪುಟದಲ್ಲಿ ಕ್ಷೇಮವಾಗಿದೆ. ಫಾಲ್ಟ್ ಆದ ವಿಳಾಸ ನೋಡಿ ಕರ್ನಲ್ ವಿಷಯ ತಿಳಿದುಕೊಂಡು, ಆ ಪ್ರೋಗ್ರಾಮನ್ನು ಮಾತ್ರ ಮುಗಿಸುತ್ತದೆ. ಯಂತ್ರ ಉಳಿಯಿತು. ಚಿಪ್ಪಿನ ಒಂದು ಕೆಟ್ಟ ನಡವಳಿಕೆಯನ್ನು ಅದರದೇ ಇನ್ನೊಂದು ಸರಿಯಾದ ನಡವಳಿಕೆಯಿಂದ ತಡೆದದ್ದು ಇಲ್ಲಿನ ಜಾಣ್ಮೆ.

ಇನ್ನೊಂದು, ಇಂಟೆಲ್‌ನದೇ ಪಿಐಐಎಕ್ಸ್4 ಚಿಪ್‌ಸೆಟ್ಟಿನ ಟೈಮರ್. ಸೆಕೆಂಡಿಗೆ ಸುಮಾರು 35.8 ಲಕ್ಷ ಸಲ ಎಣಿಸುವ ಇದನ್ನು ಅಂಕಿ ಬದಲಾಗುವ ಕ್ಷಣದಲ್ಲೇ ಓದಿದರೆ ತಪ್ಪು ಸಂಖ್ಯೆ ಬರಬಹುದು. ಲಿನಕ್ಸ್ ಮೂರು ಸಲ ಸಾಲಾಗಿ ಓದುತ್ತದೆ. ಮೂರೂ ಕ್ರಮವಾಗಿದ್ದರೆ ನಡುವಿನದನ್ನು ಒಪ್ಪುತ್ತದೆ, ಇಲ್ಲವಾದರೆ ಮತ್ತೆ ಓದುತ್ತದೆ. 24 ಬಿಟ್ ತುಂಬಿ ಎಣಿಕೆ ಸೊನ್ನೆಗೆ ಮರಳುವ ಗಳಿಗೆಗೂ ಆ ಪರೀಕ್ಷೆಯಲ್ಲಿ ಜಾಗವಿದೆ. ಮೂರು ಸಲ ಓದುವುದೆಂದರೆ ನಿಧಾನ. ಹಾಗಾಗಿ ದೋಷವಿರುವ ಚಿಪ್ಪಿಗಷ್ಟೇ ಈ ಕ್ರಮ.

ನನ್ನ ಅಳತೆಗೋಲು ಇದೇ: ಕಾಯಿಲೆ ಇರುವ ಯಂತ್ರ ಮಾತ್ರ ಔಷಧಿಯ ಬೆಲೆ ತೆರಬೇಕು. 2018ರ ಜನವರಿಯಲ್ಲಿ ಪ್ರಕಟವಾದ ಮೆಲ್ಟ್‌ಡೌನ್ ದೋಷದ ಪರಿಹಾರ ದುಬಾರಿಯಾಯಿತು. ಕರ್ನಲ್ಲಿನ ಮತ್ತು ಬಳಕೆದಾರರ ಪೇಜ್ ಟೇಬಲ್‌ಗಳನ್ನೇ ಬೇರ್ಪಡಿಸಬೇಕಾಯಿತು. ಪ್ರತಿ ಸಿಸ್ಟಮ್ ಕಾಲ್‌ಗೂ ಹೆಚ್ಚಿನ ಹೊರೆ ಬಿತ್ತು. ಆದರೂ ದೋಷವಿಲ್ಲದ ಪ್ರೊಸೆಸರ್ ಎಂದು ಗೊತ್ತಾದರೆ ಲಿನಕ್ಸ್ ಆ ಬೇರ್ಪಡಿಕೆಯನ್ನು ತಾನಾಗಿ ಕೈಬಿಡುತ್ತದೆ. ಆ ವಿವೇಚನೆಗೆ ನನ್ನ ಮೆಚ್ಚುಗೆಯಿದೆ.

ಲಿನಕ್ಸ್ ಬಳಸುವವರು 'ಪ್ರೋಕ್' ಡೈರೆಕ್ಟರಿಯ 'ಸಿಪಿಯುಇನ್ಫೋ' ಫೈಲಿನಲ್ಲಿ 'ಬಗ್ಸ್' ಎಂಬ ಸಾಲು ಹುಡುಕಿ. ನಿಮ್ಮ ಪ್ರೊಸೆಸರಿನ ಗೊತ್ತಿರುವ ದೋಷಗಳು ಅಲ್ಲಿವೆ. ಒಂದೊಂದರ ಹಿಂದಿನ ಕೋಡನ್ನು ಅದರ ಟಿಪ್ಪಣಿಯ ಸಮೇತ ಓದಿ. ತಪ್ಪು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಸರಿಯಾಗಿ ಅರಿತವರು ಬರೆದ ಪರಿಹಾರ ಚಿಕ್ಕದಾಗಿರುತ್ತದೆ. ಮಿಕ್ಕವರ ವೇಗಕ್ಕೆ ಅದು ಅಡ್ಡ ಬರುವುದಿಲ್ಲ.